ಗರ್ಭಕೋಶದ ಹೆಸರಿನಲ್ಲಿ ಎತ್ತಿದ ಸಾಲ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮನಸ್ಸಿನ ಸಿದ್ಧತೆಯನ್ನು ಆಪ್ತಸಲಹೆಗಾರರಿಂದ ಪರಿಶೀಲಿಸಿಕೊಳ್ಳುವ ರೂಢಿ ಹಲವು ಆಸ್ಪತ್ರೆಗಳಲ್ಲಿದೆ. ಹಾಗಾಗಿ ಮೈಸೂರಿನ ನನ್ನ ಕೊಠಡಿಗೆ ಬರುವ ಇಂಥವರಲ್ಲಿ ಹೆಚ್ಚಿನವರು ಒಂದು ಸಹಿಯನ್ನಷ್ಟೇ ನಿರೀಕ್ಷಿಸಿ ಬಂದಿರುತ್ತಾರೆ. ವಿಮೆ ಇಲ್ಲದೆ ಕೈಯಿಂದ ಹಣ ಕಟ್ಟುವವರಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಒಂದು ತೊಡಕನ್ನು ಇಲ್ಲಿ ಒಬ್ಬರ ಪ್ರಕರಣದ ಮೂಲಕ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಮಂಡ್ಯ ಕಡೆಯವರು, ವಯಸ್ಸು ಮೂವತ್ತೈದರ ಆಸುಪಾಸು, ಮನೆಯಲ್ಲೇ ಹೊಲಿಗೆ ಕೆಲಸ. ತೂಕ 112 ಕಿಲೋ, ಎತ್ತರ 158 ಸೆಂಟಿಮೀಟರ್, ಎಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆಯಾದ ಬಿಎಂಐ ಹತ್ತಿರ ಹತ್ತಿರ 45. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇತ್ತು. ರಾತ್ರಿ ಉಸಿರುಗಟ್ಟಿದಂತಾಗಿ ದಿಂಬಿಗೊರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯವರು ನಾಲ್ಕೂವರೆ ಲಕ್ಷ ಹೇಳಿದ್ದರು. ಒಡವೆ ಅಡವಿಟ್ಟು ಎರಡು ಲಕ್ಷ, ಚೀಟಿ ಕೂಗಿ ಒಂದು ಲಕ್ಷ, ಉಳಿದ ಒಂದೂವರೆ ಲಕ್ಷವನ್ನು ಅಣ್ಣ ತನ್ನ ಹೆಸರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದುಕೊಡುವುದು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದರು.

ಎರಡನೆಯ ಭೇಟಿಯಲ್ಲಿ, ಮನೆಗೆ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಅತ್ತೆ ಎಂದರು. ಮೊದಲ ವಾರಗಳಲ್ಲಿ ಬರೀ ದ್ರವಾಹಾರ ಎನ್ನುವುದು ಅತ್ತೆಗೆ ಗೊತ್ತೇ ಎಂದು ಕೇಳಿದಾಗ ಆಕೆ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದರು. ಆತ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ನಂತರ ಆಕೆಯೇ ಹೇಳಿದರು: "ಅತ್ತೆಗೆ ಗರ್ಭಕೋಶದ ಆಪರೇಷನ್ ಅಂತ ಹೇಳಿದ್ದೀವಿ ಮೇಡಂ. ಅಣ್ಣಂಗೂ ಅಷ್ಟೇ ಗೊತ್ತಿರೋದು."

ಏಕೆಂದು ಕೇಳಿದೆ. "ಗರ್ಭಕೋಶ ತೆಗೆಸಿದ್ಲು ಅಂದ್ರೆ ಮೂರು ತಿಂಗಳು ಒಂದು ಬಿಂದಿಗೆ ಎತ್ತು ಅಂತ ಯಾರೂ ಹೇಳಲ್ಲ. ಸಾಲ ಕೇಳಿದ್ರೂ ಕೊಡ್ತಾರೆ. ತೂಕ ಇಳಿಸೋಕೆ ನಾಲ್ಕೂವರೆ ಲಕ್ಷ ಅಂದ್ರೆ ಊರೆಲ್ಲ ನಗುತ್ತೆ. ಒಂದು ಮುದ್ದೆ ಕಮ್ಮಿ ಉಂಡ್ರೆ ಆಗಲ್ವಾ ಅಂತಾರೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ವಿಮೆ ಇದ್ದವರು ತಮ್ಮ ಕಾಯಿಲೆಯ ಕಾರಣವನ್ನು ಒಮ್ಮೆ ಕಾಗದದಲ್ಲಿ ಕೊಟ್ಟರೆ ಸಾಕು. ಕೈಸಾಲ ಮಾಡುವವರು ಅದೇ ಕಾರಣವನ್ನು ಹೊತ್ತು ಮನೆ ಮನೆಯ ಜಗಲಿ ಹತ್ತಬೇಕು, ಮತ್ತು ಕೇಳುವವರಿಗೆ ಒಪ್ಪಿಗೆಯಾಗುವ ಕಾರಣವನ್ನೇ ಕೊಡಬೇಕು. ಉಸಿರುಗಟ್ಟಿ ಏಳುವ ಹೆಂಗಸಿಗೆ ಯಾರೂ ಕೊಡದ ಒಂದೂವರೆ ಲಕ್ಷ ಗರ್ಭಕೋಶಕ್ಕೆ ಸಿಗುತ್ತದೆ. ನಮ್ಮ ಕಡೆ ಹೊಟ್ಟೆಬಾಕತನವೆಂದು ನಗಿಸಿಕೊಳ್ಳದ ಬೊಜ್ಜು ಬಹುಶಃ ಗಂಡಸರದು ಮಾತ್ರ.

ಆದರೂ ಆ ದಿನ ನಾನು ಸಹಿ ಹಾಕಲಿಲ್ಲ. ಆಸ್ಪತ್ರೆಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ಇನ್ನೆರಡು ಭೇಟಿಗಳು ಬೇಕೆಂದು ಕೇಳಿದೆ. ಆಕೆ ಸುಳ್ಳು ಹೇಳಿದರೆಂಬ ಕೋಪದಿಂದ ಹಾಗೆ ಮಾಡಿದ್ದಲ್ಲ. ಗರ್ಭಕೋಶ ತೆಗೆಸಿದವರಿಗೆ ನಮ್ಮ ಮನೆಗಳಲ್ಲಿ ಬಲ ಬರಲೆಂದು ಕಾಲು ಸೂಪು, ತುಪ್ಪ, ಬಿಸಿ ಮುದ್ದೆ ಬಡಿಸುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ; ಸ್ಲೀವ್ ಮಾಡಿಸಿಕೊಂಡವರು ಗಟ್ಟಿ ಆಹಾರಕ್ಕೆ ಮರಳಿದ ಮೇಲೂ ಪ್ರತಿ ತುತ್ತನ್ನು ನುಣ್ಣಗೆ ಅಗಿದೇ ನುಂಗಬೇಕು. ನಿಜ ತಿಳಿಯದ ಅತ್ತೆ ಪ್ರೀತಿಯಿಂದಲೇ ಅಪಾಯ ತರಬಹುದಾಗಿತ್ತು. ಇನ್ನು ಅಣ್ಣ ತನ್ನ ಹೆಸರಿನಲ್ಲಿ ಸಾಲ ಪತ್ರಕ್ಕೆ ರುಜು ಹಾಕುವವರು. ತಂಗಿ ನಾಲ್ಕು ತಿಂಗಳಲ್ಲಿ ಅರ್ಧ ಕರಗಿದ್ದನ್ನು ಕಂಡಾಗ ಅವರಿಗೆ ವಿಷಯ ತಿಳಿಯದೇ ಇರುತ್ತದೆಯೇ? ತಿಂಗಳಿಗೆ ಮೂರು ಸಾವಿರ ಬಡ್ಡಿ ಕಟ್ಟುತ್ತಾ ಅದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಮೊದಲೇ ಕೇಳಿ ನಿರಾಕರಿಸುವ ಹಕ್ಕು ಅವರಿಗೆ ಇತ್ತು.

ನಾನು ಕೊಟ್ಟ ಸಲಹೆ ಇಷ್ಟು. ಊರಿಗೆಲ್ಲ ಹೇಳಬೇಕಾಗಿಲ್ಲ, ಹಣ ಕೊಡುವವರಿಗೆ ಮತ್ತು ಅಡುಗೆ ಮಾಡುವವರಿಗೆ ಹೇಳಲೇಬೇಕು. ಎರಡನೆಯದಾಗಿ, ನಾಲ್ಕೂವರೆ ಲಕ್ಷವೆಂಬುದು ಪೂರ್ತಿ ಖರ್ಚಲ್ಲ. ಆ ಪ್ಯಾಕೇಜಿನಲ್ಲಿ ಜಠರವನ್ನು ಕತ್ತರಿಸಿ ಮುಚ್ಚುವ ಸ್ಟೇಪ್ಲರ್ ಉಪಕರಣದ ಖರ್ಚು ಸೇರಿದೆಯೇ, ತೊಂದರೆಯಾಗಿ ಐಸಿಯುಗೆ ಹೋದರೆ ಅಥವಾ ಮತ್ತೆ ದಾಖಲಾದರೆ ಯಾರು ಕಟ್ಟಬೇಕು ಎಂಬುದನ್ನು ಬರೆಸಿಕೊಳ್ಳಲು ಹೇಳಿದೆ. ಆಮೇಲೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಬದುಕಿರುವವರೆಗೂ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು, ಆಗಾಗ ರಕ್ತಪರೀಕ್ಷೆ, ಹೊಲಿಗೆ ಯಂತ್ರದ ಮುಂದೆ ಕೂರಲಾಗದ ವಾರಗಳ ಕೂಲಿ ನಷ್ಟ, ಇವೆಲ್ಲವನ್ನೂ ಆಕೆಯ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸಿದೆ. ಚೀಟಿಯನ್ನು ಆರಂಭದ ತಿಂಗಳಲ್ಲೇ ಕೂಗಿದರೆ ಎಷ್ಟು ಕಳೆದುಕೊಳ್ಳಬೇಕಾಗುತ್ತದೆಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಲಕ್ಷವನ್ನು ಆಕೆ ಅಲ್ಲೇ ಲೆಕ್ಕದಿಂದ ಹೊಡೆದುಹಾಕಿದರು.

ವಿಮೆಯ ವಿಷಯವನ್ನೂ ಮಾತನಾಡಿದೆವು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಷರತ್ತಿನಂತೆ, ಹದಿನೆಂಟು ತುಂಬಿದವರಿಗೆ ವೈದ್ಯರ ಸಲಹೆಯಿದ್ದು ಬಿಎಂಐ 40 ಮುಟ್ಟಿದ್ದರೆ, ಅಥವಾ 35 ಮುಟ್ಟಿ ತೀವ್ರ ಉಸಿರುಗಟ್ಟುವ ನಿದ್ರಾರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥವು ಇದ್ದು ತೂಕ ಇಳಿಸುವ ಸರಳ ವಿಧಾನಗಳು ಫಲಿಸದಿದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಯೆಂಬ ಒಂದೇ ನೆಪದಿಂದ ಹಣ ನಿರಾಕರಿಸುವಂತಿಲ್ಲ. ಆದರೆ ಈಗ ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯಿಸಬಹುದು. ಅಷ್ಟು ಕಾಲ ಕಾಯಬಹುದೇ ಎಂಬುದನ್ನು ವೈದ್ಯರು ಹೇಳಬೇಕು, ನಾನಲ್ಲ; ಕಾಯುವುದು ಬೇಡವೆಂದು ಅವರು ಹೇಳಿದರು. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿ ಎಂದು ಯಾರೋ ಹೇಳಿಕೊಟ್ಟಿದ್ದನ್ನು ಮಾತ್ರ ನಾನು ಖಂಡಿತವಾಗಿ ಬೇಡವೆಂದೆ.

ಈ ಪ್ರಕರಣವನ್ನು ಕೇಳಿದ ಸಹೋದ್ಯೋಗಿಯೊಬ್ಬರು, ಸಹಿಯನ್ನು ಹಿಡಿದಿಟ್ಟುಕೊಂಡು ಮನೆಯವರಿಗೆ ಹೇಳಿಸುವುದು ಆಕೆಯ ಗೋಪ್ಯತೆಗೆ ಧಕ್ಕೆಯಲ್ಲವೇ ಎಂದು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆಕೆಯದೇ ಹಣವಾಗಿದ್ದರೆ ನಾನು ಅಣ್ಣನ ಹೆಸರನ್ನೇ ಎತ್ತುತ್ತಿರಲಿಲ್ಲ. ಇನ್ನೊಬ್ಬರ ತಲೆಯ ಮೇಲೆ ಸಾಲ ಹೊರಿಸುವಾಗ ಗೋಪ್ಯತೆಯ ಗೆರೆ ಸ್ವಲ್ಪ ಸರಿಯುತ್ತದೆಂದು ಈಗಲೂ ನಂಬಿದ್ದೇನೆ.

ಅಣ್ಣ ಮೂರನೆಯ ಭೇಟಿಗೆ ಜೊತೆಯಲ್ಲೇ ಬಂದರು. "ಉಸ್ರು ಕಟ್ಟುತ್ತೆ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ ಕಣವ್ವ" ಎಂದು ತಂಗಿಯನ್ನು ಗದರಿದರು. ಬಡ್ಡಿ ಸಾಲ ಬೇಡವೆಂದು ಕಬ್ಬಿನ ಹಣ ಬರುವವರೆಗೆ ಕಾಯಲು ಹೇಳಿದರು. ಅದು ಬರಲು ಎರಡು ತಿಂಗಳಾಯಿತು. ಆಮೇಲೆ ನಾನು ಸಹಿ ಹಾಕಿದೆ.

ಅತ್ತೆಗೆ ಮಾತ್ರ ಆಕೆ ಕೊನೆಗೂ ಹೇಳಲಿಲ್ಲ. ಮೂರು ತಿಂಗಳು ತವರಿನಲ್ಲಿ ಅತ್ತಿಗೆಯ ಅಡುಗೆಯಲ್ಲಿದ್ದು ಆಮೇಲೆ ಹಿಂದಿರುಗಿದರು. ನಾನೂ ಹೆಚ್ಚು ಒತ್ತಾಯಿಸಲಿಲ್ಲ. ಕಳೆದ ಬಾರಿ ಬಂದಾಗ, ಅತ್ತೆ ಈಗ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ, ಗರ್ಭಕೋಶ ಇಲ್ಲದವರಿಗೆ ದೊಡ್ಡ ಮುದ್ದೆ ಜೀರ್ಣವಾಗುವುದಿಲ್ಲವೆಂದು ನೆರೆಯವರಿಗೂ ಹೇಳುತ್ತಿದ್ದಾರೆಂದು ತಿಳಿಸಿದರು.