ಒಂಬತ್ತು ತಿಂಗಳು ತಡವಾದ ಟ್ಯಾಪ್

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದಿರಲಿ ಅಂತ ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯೋದಕ್ಕೆ ಅವರ ಒಪ್ಪಿಗೆಯೂ ಇದೆ. ಮೂವತ್ತು ದಾಟಿದ ಗಂಡಸು. ಆರು ತಿಂಗಳು ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿತ ಹಾಕಿ ಆಡುವ ಕುಸ್ತಿಯಂಥ ಕಲೆ) ಕಲಿತಿದ್ದರು, ಆಮೇಲೆ ಒಂಬತ್ತು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಪ್ರತಿ ಭಾನುವಾರ ರಾತ್ರಿ ಬ್ಯಾಗಿಗೆ ಗೀ (ಅಭ್ಯಾಸದ ದಪ್ಪ ಉಡುಪು) ತುಂಬುವುದು, ಸೋಮವಾರ ಸಂಜೆ ಏನಾದರೂ ನೆಪ ಹೇಳಿ ಹಾಗೇ ವಾಪಸ್ ತೆಗೆದಿಡುವುದು. ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದರಂತೆ.

"ಮೊದಲು ಫಿಟ್ ಆಗ್ತೀನಿ ಮೇಡಂ, ಆಮೇಲೆ ಹೋಗ್ತೀನಿ" ಅಂದರು.

ಬಿಟ್ಟಿದ್ದು ಯಾಕೆ ಅಂದೆ. ಮೊಣಕೈ ಪೆಟ್ಟು. ರೋಲಿಂಗ್, ಅಂದರೆ ಜೊತೆಗಾರನ ಜೊತೆ ಅಭ್ಯಾಸದ ಸೆಣಸಾಟ ಮಾಡುವಾಗ ಆರ್ಮ್‌ಬಾರ್‌ಗೆ (ಕೈಯನ್ನು ನೇರ ಮಾಡಿ ಮೊಣಕೈ ಮೇಲೆ ಒತ್ತಡ ಹಾಕುವ ಹಿಡಿತ) ಸಿಕ್ಕಿದ್ದರು. ನಾನು ಅದನ್ನು ಕೇಳಿ, ಇದು ಮತ್ತೆ ಪೆಟ್ಟಾಗುವ ಭಯ ಅಂತ ತಿಳಿದು, ಒಂದು ಇಡೀ ಭೇಟಿಯನ್ನು ಅದರ ಮೇಲೇ ಕಳೆದೆ. ತಪ್ಪು ನನ್ನದು. ಎರಡನೇ ಸಲ ಬಂದಾಗ, ಕೈ ನೇರ ಆಗ್ತಿರೋದು ಗೊತ್ತಾಗಲಿಲ್ವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾಯ್ತು. ಎದುರಿಗಿದ್ದವನು ನನಗಿಂತ ಒಂದು ತಿಂಗಳು ಆಮೇಲೆ ಸೇರಿದವನು" ಅಂದರು.

ಅಲ್ಲಿ ವಿಷಯ ಸಿಕ್ಕಿತು. ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಸಲ ತಟ್ಟಿದರೆ, ಇಲ್ಲಾ ಬಾಯಲ್ಲಿ "ಟ್ಯಾಪ್" ಅಂದರೆ, ಹಿಡಿತ ಬಿಡಲೇಬೇಕು. ಒಬ್ಬರು ಇನ್ನೊಬ್ಬರ ಕೀಲನ್ನೋ ಕುತ್ತಿಗೆಯನ್ನೋ ಹಿಡಿದು ಕಲಿಯುವ ಈ ಆಟ ಸುರಕ್ಷಿತವಾಗಿ ನಡೆಯುವುದೇ ಆ ಒಂದು ನಿಯಮದ ಮೇಲೆ. ತನಗಿಂತ ಹೊಸಬನ ಎದುರು ಸೋಲೊಪ್ಪಲು ಮನಸ್ಸಾಗದೆ ಇವರು ತಟ್ಟಲಿಲ್ಲ, ಮೊಣಕೈ ಪೆಟ್ಟು ತಿಂದಿತು. ಈಗ ಜೊತೆಗೆ ಸೇರಿದವರ ಬಿಳಿ ಬೆಲ್ಟಿನ ಮೇಲೆ ಕಲಿಕೆಯ ಗುರುತಾಗಿ ಎರಡು ಮೂರು ಪಟ್ಟಿ ಬಿದ್ದಿವೆ, ತನ್ನದು ಖಾಲಿ. ಒಳಗೆ ಹೋದರೆ ಹೊಸಬರೂ ಕೆಡವುತ್ತಾರೆ. ಅದಕ್ಕೇ ಫಿಟ್ ಆಗೋ ನೆಪ, ಅಲ್ವಾ?

"ಕೆಡವ್ತಾರೆ, ಖಂಡಿತ" ಅಂದೆ. ಸುಳ್ಳು ಸಮಾಧಾನ ಹೇಳಿ ಏನು ಪ್ರಯೋಜನ?

ಹೇಳಿದ ಸಲಹೆ ಇಷ್ಟು. ಹೋಗುವ ಮೊದಲೇ ಕೋಚ್‌ಗೆ ಒಂದು ಮೆಸೇಜ್ ಹಾಕಿ: ಒಂಬತ್ತು ತಿಂಗಳ ಗ್ಯಾಪ್, ಮೊಣಕೈಗೆ ಹಳೇ ಪೆಟ್ಟು, ಡಾಕ್ಟರ್ ಸರಿ ಅಂದಿದ್ದಾರೆ (ಹೇಳಿಲ್ಲದಿದ್ದರೆ ಮೊದಲು ತೋರಿಸಿ). ವಾರಕ್ಕೆ ಎರಡೇ ಕ್ಲಾಸ್, ಆಸೆ ಎಷ್ಟೇ ಇದ್ದರೂ. ಉಸಿರು, ಸ್ನಾಯು ಬೇಗ ಹಿಂದಿರುಗುತ್ತವೆ, ಕೀಲಿನ ಸುತ್ತಲಿನ ನಾರುಗಳು ನಿಧಾನ. ಮೂರನೇ ವಾರ "ಎಲ್ಲ ಸರಿಯಾಯ್ತು" ಅನ್ನಿಸಿದಾಗಲೇ ಜಾಸ್ತಿ ಹುಷಾರಾಗಿರಬೇಕು. ಮೊದಲ ಎರಡು ವಾರ ಡ್ರಿಲ್ ಮಾತ್ರ, ಶ್ರಿಂಪಿಂಗ್ (ಮಲಗಿದಲ್ಲೇ ಸೊಂಟ ಪಕ್ಕಕ್ಕೆ ಸರಿಸಿ ಜಾರಿಕೊಳ್ಳೋದು), ಬ್ರಿಡ್ಜ್ (ಸೊಂಟ ಮೇಲೆತ್ತೋದು). ಮೈ ಅವನ್ನು ಪೂರ್ತಿ ಮರೆತಿರುವುದಿಲ್ಲ. ಆಮೇಲೆ ರೋಲಿಂಗ್, ಅದೂ ನಿಧಾನವಾಗಿ ಆಡುವ ಹಳಬರ ಜೊತೆ. ಹೊಸಬರು ಗಾಬರಿಯಲ್ಲಿ ಬಲ ಹಾಕುತ್ತಾರೆ, ಅವರ ಕೈಗೆ ಈಗಲೇ ಸಿಗಬೇಡಿ.

ಇನ್ನೊಂದು, ನನಗೆ ಮುಖ್ಯ ಅನ್ನಿಸಿದ್ದು. ಪ್ರತಿ ಕ್ಲಾಸಿನಲ್ಲಿ ಒಂದು ಸಲವಾದರೂ ಬೇಕಂತಲೇ ಬೇಗ ಟ್ಯಾಪ್ ಮಾಡಿ. ನೋವು ಬರುವ ಮೊದಲು. ಸೈಡ್ ಕಂಟ್ರೋಲ್‌ನಲ್ಲಿ (ಎದುರಾಳಿ ಪಕ್ಕದಿಂದ ಮೇಲೆ ಒರಗಿ ಅದುಮಿ ಹಿಡಿದಾಗ) ಎದೆ ಮೇಲೆ ಭಾರ ಬಿದ್ದು ಉಸಿರು ಕಟ್ಟಿದಂತಾದರೆ, ಅಲ್ಲಿ ಯಾವ ಲಾಕೂ ಇಲ್ಲದಿದ್ದರೂ ಟ್ಯಾಪ್ ಮಾಡಿ. ಮನೆಗೆ ಬಂದು ಯಾರು ಕೆಡವಿದರು ಅಂತ ಬರೆಯಬೇಡಿ, ಎಲ್ಲಿ ಸಿಕ್ಕಿಕೊಂಡೆ ಅಂತ ಒಂದು ಸಾಲು ಬರೆಯಿರಿ.

ಅವರಿಗೆ ಇದು ಇಷ್ಟ ಆಗಲಿಲ್ಲ. "ಬೇಕಂತಲೇ ಸೋಲೋದಾ?" ಅಂತ ಸ್ವಲ್ಪ ಸಿಟ್ಟಿನಲ್ಲೇ ಎದ್ದು ಹೋದರು.

ಐದು ವಾರ ಬಿಟ್ಟು ಬಂದರು, ಬೆರಳಿಗೆ ಟೇಪ್ ಸುತ್ತಿಕೊಂಡು. ಎರಡು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಹಿಂದಿನಿಂದ ಕುತ್ತಿಗೆ ಹಿಡಿದಳಂತೆ, ಇವರು ತಟ್ಟಿದರಂತೆ, ಅವಳು ಬಿಟ್ಟು "ಇನ್ನೊಂದು ಸಲ?" ಅಂದಳಂತೆ. ಅಷ್ಟೇ ಆಗಿದ್ದು, ಮೇಡಂ, ಅಂದರು. ಮುಂದಿನ ಭೇಟಿಗೆ ಸೋಮವಾರ ಅಂದೆ. ಸೋಮವಾರ ಕ್ಲಾಸಿದೆ, ಬೇರೆ ದಿನ ಕೊಡಿ ಅಂದರು.