ಹೈಡೆಲ್‌ಬರ್ಗ್‌ನಲ್ಲಿ ಇಲಿ ಲ್ಯಾಬು: ಸಹಿ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು

ಧಾರವಾಡದಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಮುಗಿಸಿದ್ದೀರಿ. ಹೈಡೆಲ್‌ಬರ್ಗ್‌ನ ಒಂದು ಲಿವರ್ ಲ್ಯಾಬಿನಿಂದ ಮೂರು ವರ್ಷದ ಪಿಎಚ್.ಡಿ. ಆಫರ್ ಬಂದಿದೆ, ಅರ್ಧ ಕೆಲಸ ಇಲಿಗಳ ಮೇಲೆ, ಇನ್ನರ್ಧ ಸೆಲ್ ಕಲ್ಚರ್. ಅಲ್ಲಿನ ಲ್ಯಾಬ್ ಜೀವನ ಹೇಗಿರುತ್ತೆ, ಬಂದ ತಕ್ಷಣ ಕೆಲಸ ಶುರು ಮಾಡಬಹುದಾ, ಏನು ತಯಾರಿ ಬೇಕು ಅಂತ ಕೇಳಿದ್ದೀರಿ. ಚಳಿ, ಬಾಡಿಗೆ, ಮನೆ ಹುಡುಕುವ ಪಾಡಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಲ್ಯಾಬಿನ ವಿಷಯ ಮಾತ್ರ ಹೇಳುತ್ತೇನೆ.

ಬಂದ ತಕ್ಷಣ ಇಲಿ ಮುಟ್ಟಲು ಆಗುವುದಿಲ್ಲ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ. ನಿಮ್ಮ ಕಾಂಟ್ರ್ಯಾಕ್ಟ್ 36 ತಿಂಗಳಿಗೆ ಮುಗಿಯುತ್ತದೆ, ಆದರೆ ಸರ್ಕಾರದ ಅನುಮತಿಯೂ ಇಲಿಗಳ ವಂಶವೃದ್ಧಿಯೂ ಆ ಕ್ಯಾಲೆಂಡರ್ ನೋಡಿ ನಡೆಯುವುದಿಲ್ಲ. ಹಾಗಾಗಿ ಸಹಿ ಹಾಕುವ ಮುಂಚೆಯೇ ಪ್ರೊಫೆಸರಿಗೆ ಮೂರು ಪ್ರಶ್ನೆ ಬರೆದು ಕಳಿಸಿ. ಈ ಪ್ರಾಜೆಕ್ಟಿಗೆ ಪ್ರಾಣಿ ಪ್ರಯೋಗದ ಅನುಮತಿ ಈಗಾಗಲೇ ಕೈಯಲ್ಲಿದೆಯೇ, ಎಲ್ಲಿಯವರೆಗೆ ಇದೆ? ಬೇಕಾದ ಇಲಿ ತಳಿಗಳು ಅಲ್ಲಿನ ಅನಿಮಲ್ ಹೌಸಿನಲ್ಲೇ ಇವೆಯೇ, ಹೊರಗಿನಿಂದ ಬರಬೇಕೇ? ಮೂರು ವರ್ಷ ಸಾಲದೆ ಹೋದರೆ ಮುಂದಿನ ಸಂಬಳಕ್ಕೆ ದುಡ್ಡು ಎಲ್ಲಿಂದ? ಇಂಥ ಪ್ರಶ್ನೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಲಸ ಗೊತ್ತಿರುವ ಅಭ್ಯರ್ಥಿ ಅಂತಲೇ ಅಂದುಕೊಳ್ಳುತ್ತಾರೆ.

ಜರ್ಮನಿಯಲ್ಲಿ ಪ್ರಾಣಿ ರಕ್ಷಣೆ 2002ರಿಂದ ಸಂವಿಧಾನದ 20ಎ ವಿಧಿಯಲ್ಲೇ ಇದೆ. ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನ ಅದರ ಜೊತೆಗಿದೆ. ನಮ್ಮಲ್ಲಿ ಸಂಸ್ಥೆಯೊಳಗಿನ ಐಎಇಸಿ ಸಮಿತಿ ಇಲಿ ಪ್ರಯೋಗಗಳಿಗೆ ಒಪ್ಪಿಗೆ ಕೊಡುತ್ತದೆ. ಇಲ್ಲಿ ಅರ್ಜಿ ಸರ್ಕಾರಿ ಕಚೇರಿಗೆ ಹೋಗುತ್ತದೆ, ಹೈಡೆಲ್‌ಬರ್ಗ್‌ನವರಿಗಾದರೆ ಕಾರ್ಲ್ಸ್‌ರೂಹೆಗೆ. ಅರ್ಜಿ ಜರ್ಮನ್ ಭಾಷೆಯಲ್ಲಿರಬೇಕು. ಎಷ್ಟು ಇಲಿ, ಯಾಕೆ ಅಷ್ಟೇ ಇಲಿ ಎಂಬುದಕ್ಕೆ ಸಂಖ್ಯಾಶಾಸ್ತ್ರದ ಲೆಕ್ಕ, ಪ್ರತಿ ಹಂತದಲ್ಲಿ ಇಲಿಗೆ ಆಗುವ ನೋವು ಅಲ್ಪವೋ ಮಧ್ಯಮವೋ ತೀವ್ರವೋ, ಯಾವ ಸ್ಥಿತಿ ಬಂದರೆ ಪ್ರಯೋಗ ನಿಲ್ಲಿಸಿ ಇಲಿಯನ್ನು ದಯಾಮರಣಕ್ಕೆ ಒಳಪಡಿಸುತ್ತೀರಿ ಎಂಬುದೆಲ್ಲ ಅದರಲ್ಲಿ ಇರಬೇಕು. ಶುರುವಿನ ತೂಕದಲ್ಲಿ 20% ಇಳಿಕೆ ಎನ್ನುವುದು ಸಾಮಾನ್ಯವಾಗಿ ಬರೆಯುವ ಗಡಿ. ನಿರ್ಧಾರಕ್ಕೆ 40 ಕೆಲಸದ ದಿನ, ಬೇಕಾದರೆ ಇನ್ನೂ 15 ಅಂತ ನಿಯಮ ಹೇಳುತ್ತದೆ. ಆದರೆ ಆ ಎಣಿಕೆ ಅರ್ಜಿ ಪೂರ್ತಿಯಾಗಿದೆ ಅಂತ ಕಚೇರಿ ಒಪ್ಪಿದ ದಿನದಿಂದ ಶುರು. ಮಧ್ಯೆ ಬರುವ ಪ್ರಶ್ನೆ, ಉತ್ತರ, ತಿದ್ದುಪಡಿ ಎಲ್ಲ ಸೇರಿಸಿದರೆ ಅರ್ಧ ವರ್ಷ ಹೋದರೂ ಆಶ್ಚರ್ಯವಿಲ್ಲ. ಸಿಕ್ಕ ಅನುಮತಿ ಹೆಚ್ಚೆಂದರೆ ಐದು ವರ್ಷ. ನಿಮ್ಮ ಹೆಸರು ಅದರಲ್ಲಿ ಸೇರಬೇಕು. ಸೇರುವವರೆಗೆ ಪಕ್ಕದಲ್ಲಿ ನಿಂತು ನೋಡಬಹುದು, ಸೂಜಿ ಹಿಡಿಯುವ ಹಾಗಿಲ್ಲ.

ಹೆಸರು ಸೇರಲು ಮೊದಲು ಫೆಲಾಸಾ (ಲ್ಯಾಬ್ ಪ್ರಾಣಿ ವಿಜ್ಞಾನ ಸಂಘಗಳ ಯುರೋಪಿಯನ್ ಒಕ್ಕೂಟ) ಮಾದರಿಯ ಕೋರ್ಸ್ ಬೇಕು. ಪಾಠ, ಪ್ರಾಕ್ಟಿಕಲ್ ಸೇರಿ ಸುಮಾರು 40 ಗಂಟೆ, ಕೊನೆಗೆ ಪರೀಕ್ಷೆ. ಸೀಟುಗಳು ಬೇಗ ತುಂಬುತ್ತವೆ, ಆದ್ದರಿಂದ ವೀಸಾ ಕೈಗೆ ಬಂದ ದಿನವೇ ಲ್ಯಾಬಿನವರಿಗೆ ಹೇಳಿ ಹೆಸರು ಬರೆಸಿ. ಭಾರತದ ಅನುಭವ ಕೈಗೆ ಉಪಯೋಗ, ಕಾಗದಕ್ಕೆ ಅಲ್ಲ. ನಿಮ್ಮ ಡಿಗ್ರಿಯದ್ದೂ ಒಂದು ತೊಡಕಿದೆ. ಪಶುವೈದ್ಯರು, ವೈದ್ಯರು, ಪ್ರಾಣಿಶಾಸ್ತ್ರ ಓದಿದವರಿಗೆ ದಾರಿ ನೇರ. ಬಯೋಟೆಕ್ನಾಲಜಿ, ಫಾರ್ಮಸಿ ಓದಿದವರಿಗೆ ಶಸ್ತ್ರಚಿಕಿತ್ಸೆಯಂಥ ಕೆಲಸಕ್ಕೆ ಬೇರೆಯಾಗಿ ವಿನಾಯಿತಿ ಅನುಮತಿ ಕೇಳುವುದುಂಟು. ಅದಕ್ಕೇ ಬರೀ ಮಾರ್ಕ್ಸ್ ಕಾರ್ಡ್ ಸಾಲದು, ಬಿ.ಎಸ್ಸಿ.ಯಲ್ಲಿ ಝೂವಾಲಜಿ ಓದಿದ್ದರೆ ಅದರ ಸಿಲೆಬಸ್ಸನ್ನೂ, ಫಿಸಿಯಾಲಜಿ ಪ್ರಾಕ್ಟಿಕಲ್ಲಿನ ವಿವರವನ್ನೂ ಯೂನಿವರ್ಸಿಟಿಯಿಂದ ಸೀಲು ಹಾಕಿಸಿಕೊಂಡು ತನ್ನಿ. ಇಲ್ಲಿ ಕೂತು ಧಾರವಾಡದ ಆಫೀಸಿನಿಂದ ಅದನ್ನು ತರಿಸುವುದು ಅನುಮತಿ ಪಡೆಯುವುದಕ್ಕಿಂತ ದೊಡ್ಡ ಕೆಲಸ.

ಇನ್ನು ಇಲಿಗಳ ಲೆಕ್ಕ. ಲಿವರ್ ಲ್ಯಾಬ್ ಅಂದಮೇಲೆ ಲಿವರಿನಲ್ಲಿ ಮಾತ್ರ ಒಂದು ಜೀನ್ ತೆಗೆಯುವ ಆಲ್ಬ್-ಕ್ರೀ ಇಲಿಗಳು ಇದ್ದೇ ಇರುತ್ತವೆ. ಕ್ರೀ ಎಂದರೆ ಜೀನ್ ಕತ್ತರಿಸುವ ಕಿಣ್ವ, ಫ್ಲಾಕ್ಸ್ ಎಂದರೆ ಕತ್ತರಿಸಬೇಕಾದ ಜೀನಿನ ಎರಡೂ ಬದಿಗೆ ಹಾಕಿದ ಗುರುತು. ಎರಡು ಪ್ರತಿಯಲ್ಲೂ ಫ್ಲಾಕ್ಸ್ ಮಾಡಿದ ತಳಿ ಒಂದು, ಕ್ರೀ ತಳಿ ಒಂದು ಬೇರೆ ಬೇರೆಯಾಗಿ ಇವೆ ಅಂದುಕೊಳ್ಳಿ. ಗಬ್ಬ 19ರಿಂದ 21 ದಿನ, ತಾಯಿಯಿಂದ ಮರಿ ಬೇರೆ ಮಾಡುವುದು 21 ದಿನಕ್ಕೆ, ಜೋಡಿ ಹಾಕಲು ಯೋಗ್ಯವಾಗುವುದು 6ರಿಂದ 8 ವಾರಕ್ಕೆ. ಅಂದರೆ ಜೋಡಿ ಹಾಕಿದ ದಿನದಿಂದ ಮುಂದಿನ ತಲೆಮಾರು ಜೋಡಿಗೆ ಸಿದ್ಧವಾಗಲು 9ರಿಂದ 11 ವಾರ. ಮೊದಲ ತಲೆಮಾರಿನಲ್ಲಿ ಫ್ಲಾಕ್ಸ್‌ನ ಒಂದೇ ಪ್ರತಿ ಇರುತ್ತದೆ. ಅವುಗಳಲ್ಲಿ ಕ್ರೀ ಇರುವವನ್ನು ಫ್ಲಾಕ್ಸ್ ತಳಿಗೇ ಮತ್ತೆ ಜೋಡಿ ಹಾಕಿದರೆ, ಎರಡನೆಯದರಲ್ಲಿ ಎರಡೂ ಪ್ರತಿ ಮತ್ತು ಕ್ರೀ ಸೇರಿರುವವು ನಾಲ್ಕರಲ್ಲಿ ಒಂದು. ಅವನ್ನು ಮತ್ತೆ ಕ್ರೀ ಇಲ್ಲದ, ಎರಡು ಪ್ರತಿ ಫ್ಲಾಕ್ಸ್ ಇರುವ ಇಲಿಗೆ ಜೋಡಿ ಹಾಕಿದರೆ ಮೂರನೆಯ ತಲೆಮಾರಿನಲ್ಲಿ ಅರ್ಧಕ್ಕರ್ಧ ಬೇಕಾದ್ದು, ಉಳಿದರ್ಧ ಅದೇ ತಾಯಿಯ ಮರಿಗಳಾದ ಕಂಟ್ರೋಲ್ (ಹೋಲಿಕೆಗೆ ಇಡುವ ಇಲಿಗಳು). 12 ಗಂಡು ಪ್ರಯೋಗಕ್ಕೆ, 12 ಗಂಡು ಕಂಟ್ರೋಲ್‌ಗೆ ಬೇಕಿದ್ದರೆ ಮೂರನೆಯ ತಲೆಮಾರಿನಲ್ಲಿ 48 ಮರಿ ಸಾಕು. ಅವಸರ ಬಿದ್ದು ಎರಡನೆಯ ತಲೆಮಾರಿಗೇ ನಿಲ್ಲಿಸಿದರೆ ಅದೇ 24 ಗಂಡಿಗೆ 96 ಮರಿ ಬೇಕು, 72 ಉಳಿದುಹೋಗುತ್ತವೆ.

ಈ ಉಳಿದದ್ದು ಇಲ್ಲಿ ಸಣ್ಣ ವಿಷಯವಲ್ಲ. ಸರಿಯಾದ ಕಾರಣವಿಲ್ಲದೆ ಬೆನ್ನೆಲುಬಿರುವ ಪ್ರಾಣಿಯನ್ನು ಕೊಲ್ಲುವುದು ಜರ್ಮನಿಯಲ್ಲಿ ಕ್ರಿಮಿನಲ್ ಅಪರಾಧ, ಮೂರು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಪಂಜರದಲ್ಲಿ ಜಾಗವಿಲ್ಲ ಎನ್ನುವುದು ಕಾರಣವೆಂದು ನಿಲ್ಲುವುದಿಲ್ಲ. ಆದ್ದರಿಂದ ಹೆಣ್ಣು ಇಲಿಗಳನ್ನೂ ಪ್ರಯೋಗಕ್ಕೆ ಸೇರಿಸುವುದು, ಅಂಗಾಂಶ ಬೇಕಾದ ಪಕ್ಕದ ಗುಂಪಿಗೆ ಕೊಡುವುದು, ಬೇಡದ ಜೋಡಿಯನ್ನು ಕೂಡಲೇ ಬಿಡಿಸುವುದು ಇವೆಲ್ಲ ದಿನದ ಕೆಲಸದಲ್ಲೇ ಬರುತ್ತವೆ. ಪ್ರಯೋಗ ಶುರುವಾಗುವಾಗ ಇಲಿಗೆ 8 ವಾರ ಆಗಿರಬೇಕೆಂದರೆ, ಎರಡು ತಳಿಯಿಂದ ಮೊದಲ ಚುಚ್ಚುಮದ್ದಿನವರೆಗೆ ಏಳೆಂಟು ತಿಂಗಳು. ತಳಿ ಹೊರಗಿನಿಂದ ಬರಬೇಕಾದರೆ, ಅಲ್ಲಿನ ಆರೋಗ್ಯ ವರದಿಯಲ್ಲಿ ನೊರೊವೈರಸ್ಸೋ ಹೆಲಿಕೊಬ್ಯಾಕ್ಟರೋ ಕಂಡರೆ, ಭ್ರೂಣ ವರ್ಗಾವಣೆ ಮಾಡಿ ಶುದ್ಧ ತಳಿ ಪಡೆಯಬೇಕಾಗುತ್ತದೆ. ಅದಕ್ಕೆ ಇನ್ನೂ ಕೆಲವು ತಿಂಗಳು ಸೇರಿಸಿ.

ತಳಿಯ ಹೆಸರಿನ ಕೊನೆಯ ಅಕ್ಷರ ಓದದೆ ಮುಂದೆ ಹೋಗಬೇಡಿ. ಲ್ಯಾಬುಗಳಲ್ಲಿ ಹೆಚ್ಚು ಬಳಸುವ ಸಿ57ಬಿಎಲ್/6 ತಳಿಯಲ್ಲೇ 6ಜೆ ಬೇರೆ, 6ಎನ್ ಬೇರೆ. ಜೆ ಇಲಿಗಳಲ್ಲಿ ಎನ್‌ಎನ್‌ಟಿ ಜೀನ್ ಕೆಟ್ಟಿದೆ, ಮೈಟೊಕಾಂಡ್ರಿಯಾ ಮತ್ತು ಗ್ಲೂಕೋಸ್ ಸಂಬಂಧದ ಫಲಿತಾಂಶ ಅದರಿಂದಲೇ ಬದಲಾಗಬಹುದು. ಎನ್ ಇಲಿಗಳಲ್ಲಿ ಕಣ್ಣಿನ ಆರ್‌ಡಿ8 ದೋಷವಿದೆ. ದೊಡ್ಡ ನಾಕ್‌ಔಟ್ ಯೋಜನೆಗಳಿಂದ ಬಂದ ಎಷ್ಟೋ ತಳಿಗಳು ಎನ್ ಹಿನ್ನೆಲೆಯವು, ಲ್ಯಾಬಿನ ಕ್ರೀ ತಳಿ ಜೆ ಆಗಿರುತ್ತದೆ. ಎರಡೂ ಬೆರೆತ ಮೇಲೆ ಕೊಬ್ಬಿನ ಲಿವರ್ ಬಂದದ್ದು ನಿಮ್ಮ ಜೀನಿನಿಂದಲೋ ಹಿನ್ನೆಲೆಯಿಂದಲೋ ಅಂತ ರಿವ್ಯೂವರ್ ಕೇಳಿದರೆ, ಒಂದೇ ತಾಯಿಯ ಮರಿಗಳ ಕಂಟ್ರೋಲ್ ಬಿಟ್ಟರೆ ನಿಮ್ಮ ಬಳಿ ಬೇರೆ ಉತ್ತರವಿರುವುದಿಲ್ಲ.

ಅನಿಮಲ್ ಹೌಸಿನ ದಿನಚರಿಗೆ ಬೇಗ ಒಗ್ಗಿಕೊಳ್ಳುತ್ತೀರಿ. ಬಟ್ಟೆ ಬದಲಿಸಿ, ಕೆಲವು ಕಡೆ ಸ್ನಾನ ಮಾಡಿ ಒಳಗೆ ಹೋಗಬೇಕು. ಮನೆಯಲ್ಲಿ ಇಲಿ, ಹ್ಯಾಮ್‌ಸ್ಟರ್ ಸಾಕುವಂತಿಲ್ಲ. ಬೇರೆ ಅನಿಮಲ್ ಹೌಸಿಗೆ ಹೋಗಿಬಂದರೆ ಎರಡು ಮೂರು ದಿನ ಒಳಗೆ ಬಿಡುವುದಿಲ್ಲ. ಇಲಿಯ ಮೂತ್ರದ ಪ್ರೋಟೀನಿಗೆ ಅಲರ್ಜಿ ಬರುವವರು ಕಡಿಮೆ ಏನಲ್ಲ, ಸೀನು ಮತ್ತು ಕಣ್ಣಿನ ತುರಿಕೆಯಿಂದ ಶುರುವಾಗಿ ಅಸ್ತಮಾಕ್ಕೂ ಹೋಗಬಹುದು. ಎಫ್‌ಎಫ್‌ಪಿ2 ಮಾಸ್ಕ್ ಮೊದಲ ದಿನದಿಂದಲೇ ಹಾಕಿ, ಸೀನು ಶುರುವಾದರೆ ಮುಚ್ಚಿಡದೆ ಸಂಸ್ಥೆಯ ವೈದ್ಯರಿಗೆ ಹೇಳಿ.

ನಮ್ಮಲ್ಲಿ ಬಾಲ ಹಿಡಿದೆತ್ತುವುದು ರೂಢಿ. ಇಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗೆ ಹೊಗಿಸಿ ಅಥವಾ ಬೊಗಸೆಯಲ್ಲಿ ಎತ್ತುತ್ತಾರೆ. ಬಾಲ ಹಿಡಿದರೆ ಇಲಿಯ ಆತಂಕ ಹೆಚ್ಚುತ್ತದೆಂದು ಲಿವರ್‌ಪೂಲ್‌ನವರು 2010ರಲ್ಲೇ ತೋರಿಸಿದ್ದಾರೆ. ಹೊಟ್ಟೆಗೆ ಚುಚ್ಚುವಾಗ ಕೆಜಿಗೆ 10 ಮಿಲಿ ಲೆಕ್ಕ, ಅಂದರೆ 25 ಗ್ರಾಂ ಇಲಿಗೆ 0.25 ಮಿಲಿ. ಲಿವರ್ ಫೈಬ್ರೋಸಿಸ್ (ಲಿವರಿನಲ್ಲಿ ಗಾಯದ ಕಲೆಯಂಥ ನಾರು ಬೆಳೆಯುವುದು) ಬರಿಸಲು ಕಾರ್ಬನ್ ಟೆಟ್ರಾಕ್ಲೋರೈಡನ್ನು ಎಣ್ಣೆಯಲ್ಲಿ ಕಲಸಿ ವಾರಕ್ಕೆ ಎರಡು ಸಲ, ಆರು ವಾರ ಕೊಡುವುದು ಸಾಮಾನ್ಯ ಕ್ರಮ. ಸೋಮವಾರ-ಗುರುವಾರ ಅಂತ ಇಟ್ಟುಕೊಂಡರೆ ಈಸ್ಟರ್ ಸೋಮವಾರ ರಜೆಯಲ್ಲೂ ನೀವೇ ಬರಬೇಕು, ಶುರುಮಾಡುವ ಮುಂಚೆ ರಜೆಗಳನ್ನು ನೋಡಿಕೊಳ್ಳಿ. ನೋವಿಗೆ ಕೊಡುವ ಬುಪ್ರೆನಾರ್ಫಿನ್ ಇಲ್ಲಿ ಮಾದಕವಸ್ತು ಕಾನೂನಿನಡಿ ಬರುತ್ತದೆ. ಬೀಗದ ತಿಜೋರಿ, ಮಿಲಿ ಮಿಲಿಗೂ ಪುಸ್ತಕದಲ್ಲಿ ಲೆಕ್ಕ.

ಸೆಲ್‌ಗಳ ಕೆಲಸ ಮೊದಲ ತಿಂಗಳಿಂದಲೇ ಶುರುಮಾಡಬಹುದು, ಮಾಡಬೇಕು ಕೂಡ. ಆದರೆ ಲಿವರಿನಿಂದ ನೇರವಾಗಿ ತೆಗೆಯುವ ಹೆಪಟೋಸೈಟ್‌ಗಳನ್ನು (ಲಿವರಿನ ಮುಖ್ಯ ಸೆಲ್‌ಗಳು) ಸೆಲ್ ಕಲ್ಚರ್ ಖಾತೆಗೆ ಹಾಕಿಕೊಳ್ಳಬೇಡಿ. ಇಲಿಯನ್ನು ಮೊದಲು ಕೊಂದು ಅಂಗ ತೆಗೆದರೆ ಅದಕ್ಕೆ ಪ್ರಯೋಗದ ಅನುಮತಿ ಬೇಡ. ಹೆಪಟೋಸೈಟ್‌ಗೆ ಹಾಗಲ್ಲ, ಅರಿವಳಿಕೆಯಲ್ಲಿರುವ ಜೀವಂತ ಇಲಿಯ ರಕ್ತನಾಳಕ್ಕೆ ದ್ರವ ಹರಿಸುತ್ತೀರಿ, ಅದು ಪ್ರಯೋಗವೇ. ಕೈಕೆಲಸವಾಗಿ ನೋಡಿದರೆ ಇದು ಲ್ಯಾಬಿನ ಅತಿ ಸೂಕ್ಷ್ಮ ಕೆಲಸಗಳಲ್ಲಿ ಒಂದು. 24 ಗೇಜಿನ ಕ್ಯಾನುಲಾ ಪೋರ್ಟಲ್ ವೇನ್‌ಗೆ ಅಥವಾ ಕೆಳಗಿನ ವೀನಾ ಕೇವಾಗೆ ಹೋಗುತ್ತದೆ, ಇನ್ನೊಂದು ನಾಳ ಕತ್ತರಿಸಿ ಹೊರದಾರಿ ಮಾಡುತ್ತೀರಿ. ಮೊದಲು ಕ್ಯಾಲ್ಸಿಯಂ ಇಲ್ಲದ, ಉಳಿದ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಇರುವ ಬಫರ್, ಆಮೇಲೆ ಸೆಲ್‌ಗಳನ್ನು ಬಿಡಿಸುವ ಕೊಲ್ಲಾಜಿನೇಸ್ ಕಿಣ್ವ. ಕೆಲವೇ ಸೆಕೆಂಡಿನಲ್ಲಿ ಲಿವರ್ ಪೂರ್ತಿ ಬಿಳಿಚಿಕೊಳ್ಳಬೇಕು. ಒಂದು ಭಾಗ ಕೆಂಪಾಗೇ ಉಳಿದರೆ ಕೊಳವೆಯಲ್ಲಿ ಗಾಳಿಗುಳ್ಳೆ ಹೋಗಿದೆ ಅಂತ ತಿಳಿಯಿರಿ. ನೀರಿನ ತೊಟ್ಟಿ 42 ಡಿಗ್ರಿಯಲ್ಲಿದ್ದರೆ ಸೂಜಿಯ ತುದಿಗೆ ಬರುವ ಹೊತ್ತಿಗೆ 37ರ ಆಸುಪಾಸಿಗೆ ಇಳಿದಿರುತ್ತದೆ, ತೊಟ್ಟಿಯನ್ನೇ 37ಕ್ಕೆ ಇಟ್ಟರೆ ಕೊಲ್ಲಾಜಿನೇಸ್ ಮಂದವಾಗುತ್ತದೆ. ಆ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಕೊಳವೆಯಲ್ಲಿ ಇಜಿಟಿಎ ಉಳಿದಿದ್ದರೂ ಇದೇ ಗತಿ. ಹತ್ತಿಕಡ್ಡಿಯಿಂದ ಒತ್ತಿದಾಗ ಬಿದ್ದ ಕುಳಿ ಹಾಗೇ ಉಳಿದರೆ ನಿಲ್ಲಿಸಿ. ಇನ್ನೆರಡು ನಿಮಿಷ ಬಿಟ್ಟರೆ ಸೆಲ್‌ಗಳು ಸತ್ತಿರುತ್ತವೆ. ಜರಡಿ ಹಿಡಿದು 50 ಜಿ ವೇಗದಲ್ಲಿ ಎರಡು ಮೂರು ನಿಮಿಷ ತಿರುಗಿಸಿದರೆ ತೂಕದ ಹೆಪಟೋಸೈಟ್‌ಗಳು ಕೆಳಗಿಳಿಯುತ್ತವೆ, ಉಳಿದವು ಮೇಲೇ ತೇಲುತ್ತವೆ. ಸತ್ತ ಸೆಲ್‌ಗಳಿಗೆ ಮಾತ್ರ ಹತ್ತುವ ಟ್ರೈಪಾನ್ ಬ್ಲೂ ಬಣ್ಣದಲ್ಲಿ ನೋಡಿದಾಗ 80%ಗಿಂತ ಕಡಿಮೆ ಬದುಕಿದ್ದರೆ ಪ್ಲೇಟಿಗೆ ಹಾಕುವುದು ದಂಡ. ಕೊಲ್ಲಾಜಿನೇಸ್ ಲಾಟಿನಿಂದ ಲಾಟಿಗೆ ಬದಲಾಗುತ್ತದೆ, ಒಳ್ಳೆಯದು ಸಿಕ್ಕಾಗ ಅದೇ ಲಾಟಿನದ್ದು ವರ್ಷಕ್ಕಾಗುವಷ್ಟು ಕೊಂಡಿಡಿ.

ಸಾಮಾನ್ಯ ಸೆಲ್ ಲೈನ್‌ಗಳಲ್ಲಿ ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾಕ್ಕೆ ಹೆದರಿ. ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಮೀಡಿಯಂ ಕದಡುವುದಿಲ್ಲ, 0.2 ಮೈಕ್ರಾನ್ ಫಿಲ್ಟರನ್ನೂ ದಾಟಬಲ್ಲದು, ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ತಗಲುವುದಿಲ್ಲ. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಪಕ್ಕದ ಲ್ಯಾಬಿನವರು ಪ್ರೀತಿಯಿಂದ ಕೊಡುವ ವಯಲ್ ಬೇಡ, ಬ್ರೌನ್‌ಷ್ವೈಗ್‌ನ ಡಿಎಸ್‌ಎಂಝಡ್ ಸೆಲ್ ಸಂಗ್ರಹದಿಂದ ಗುರುತು ಪರೀಕ್ಷೆಯಾದ ಸೆಲ್ ತರಿಸಿ. ಇನ್ನೊಂದು ಕಣ್ಣಿಗೆ ಬೀಳದ ಸಂಗತಿ ಇದೆ. ಲೀಟರಿಗೆ 3.7 ಗ್ರಾಂ ಬೈಕಾರ್ಬನೇಟ್ ಇರುವ ಡಿಎಂಇಎಂ ಎಂಬ ಮೀಡಿಯಂ 10% ಕಾರ್ಬನ್ ಡೈಆಕ್ಸೈಡ್‌ಗೆ ಮಾಡಿದ್ದು. 5% ಇನ್‌ಕ್ಯುಬೇಟರಿನಲ್ಲಿ ಅದು ಕ್ಷಾರದ ಕಡೆಗೆ ಸರಿಯುತ್ತದೆ. ಲೆಂಟಿವೈರಸ್‌ನಂಥ ವೈರಸ್ ವೆಕ್ಟರ್ (ಸೆಲ್ಲಿಗೆ ಜೀನ್ ಒಯ್ಯುವ ವೈರಸ್) ಬಳಸುವುದಾದರೆ ಎಸ್2, ಅಂದರೆ ಎರಡನೆಯ ಸುರಕ್ಷತಾ ಮಟ್ಟದ ಕೊಠಡಿ ಬೇಕು, ಅಲ್ಲಿಂದ ಎಸ್1ಗೆ ಪೆನ್ನು, ನೋಟ್‌ಬುಕ್ಕನ್ನೂ ಒಯ್ಯಬೇಡಿ.

ಕೊನೆಗೆ, ನೀವು ನೇರವಾಗಿ ಕೇಳದೆ ಸುತ್ತಿಬಳಸಿ ಬರೆದ ವಿಷಯ, ಇಲಿಯನ್ನು ಕೊಲ್ಲುವ ಕೆಲಸ. ಇಲಿ ಪ್ರಾಜೆಕ್ಟ್ ಅಂದಮೇಲೆ ಅದನ್ನು ನೀವೇ ಮಾಡಬೇಕು, ಬೇರೆಯವರ ಕೈಯಲ್ಲಿ ಮಾಡಿಸಿಕೊಂಡು ಮೂರು ವರ್ಷ ಕಳೆಯಲಾಗದು. ಇದು ನಿಮ್ಮಿಂದ ಆಗದು ಅನಿಸಿದರೆ ಈಗಲೇ ಪ್ರೊಫೆಸರಿಗೆ ತಿಳಿಸಿ, ಆರ್ಗನಾಯ್ಡ್ (ಸೆಲ್‌ಗಳಿಂದ ಬೆಳೆಸಿದ ಪುಟ್ಟ ಅಂಗದಂಥ ಗುಂಪು) ಅಥವಾ ಸೆಲ್ ಲೈನ್ ಪ್ರಾಜೆಕ್ಟ್ ಕೇಳಿ. ಒಂದು ವರ್ಷ ಕಳೆದ ಮೇಲೆ ಹೇಳಿದರೆ ಇಬ್ಬರಿಗೂ ನಷ್ಟ. ಆರ್ಗನಾಯ್ಡ್‌ಗಳಾದರೆ ಪ್ರಾಣಿಯ ಸಂಬಂಧವೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಅವು ಬೆಳೆಯುವ ಮ್ಯಾಟ್ರಿಜೆಲ್ ಇಲಿಯ ಗೆಡ್ಡೆಯಿಂದ ಬರುತ್ತದೆ, ಸೀರಂ ಹುಟ್ಟದ ಕರುವಿನ ರಕ್ತದಿಂದ.

ಹೊರಡುವಾಗ ಟೆಟನಸ್, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಇಟ್ಟುಕೊಳ್ಳಿ. ಪುಣೆಯ ರಾಷ್ಟ್ರೀಯ ಸೆಲ್ ಸಂಗ್ರಹವಾದ ಎನ್‌ಸಿಸಿಎಸ್‌ನಿಂದ ತರಿಸಿ ಬೆಳೆಸಿದ ಸೆಲ್‌ಗಳನ್ನು ಸೂಟ್‌ಕೇಸಿನಲ್ಲಿ ತರುವ ಆಲೋಚನೆ ಇದ್ದರೆ ಬಿಡಿ. ಎರಡೂ ಸಂಸ್ಥೆಗಳ ನಡುವೆ ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿಯಾಗಬೇಕು, ಆಮದು ಕಾಗದ ಬೇಕು, ಕೊರಿಯರ್ ಒಣಮಂಜಿನಲ್ಲಿ ತರಬೇಕು. ಬಂದ ವಯಲ್ಲನ್ನು ಮೈಕೊಪ್ಲಾಸ್ಮಾ ಪರೀಕ್ಷೆ ಮುಗಿಯುವವರೆಗೆ ಬೇರೆ ಇನ್‌ಕ್ಯುಬೇಟರಿನಲ್ಲಿಡಿ.