ಉಬ್ಬರ ನೋಡಿ ದಿನ ಗೊತ್ತುಮಾಡಿ: ಉತ್ತರ ಗೋವಾದಲ್ಲಿ ಹುಟ್ಟು, ದೋಣಿ, ದೇಗುಲ

ಪ್ರಶ್ನೆ: ನಾವು ವಾಸ್ಕೋದಲ್ಲಿ ಇರೋದು. ಕಾರಿನಲ್ಲಿ ಉತ್ತರದ ಕಡೆ ಹೋಗಿ ಚೋಡಣ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕಯಾಕ್ ನಡೆಸಿ, ಅದೇ ದಿನ ನಾಲ್ಕು ಜಾಗ ನೋಡಿಕೊಂಡು ಬರಬೇಕು ಅಂತ ಆಸೆ. ಆಗುತ್ತದೆಯೇ? ಎಷ್ಟು ಗಂಟೆಗೆ ಹೊರಡಬೇಕು?

ಉತ್ತರ: ಖಂಡಿತ ಆಗುತ್ತದೆ. ಆದರೆ ಹೊರಡುವ ಹೊತ್ತನ್ನು ನಿರ್ಧರಿಸುವುದು ಗಡಿಯಾರವಲ್ಲ, ಸಮುದ್ರ. ಚೋಡಣದ ಸುತ್ತಲಿನ ಮಾಂಡವಿ ನದಿಯ ಕವಲುಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಳಿತದ ಹೊತ್ತಿಗೆ ಕಾಂಡ್ಲಾ ನಡುವಿನ ಸಣ್ಣ ಕವಲುಗಳಲ್ಲಿ ನೀರೇ ಉಳಿಯುವುದಿಲ್ಲ, ಬರೀ ಕೆಸರು. ಕಯಾಕ್ ಅಲ್ಲಿ ಕೂತುಬಿಟ್ಟರೆ ಮುಂದಿನ ಉಬ್ಬರದವರೆಗೆ ಕಾಯಬೇಕು. ಇಳಿದು ತಳ್ಳೋಣ ಎಂದರೆ ಮೊಣಕಾಲಿನವರೆಗೆ ಹೂತುಹೋಗುತ್ತೀರಿ, ಬೇರುಗಳಿಗೆ ಅಂಟಿದ ಸಿಂಪಿಗಳು ಪಾದ ಕೊಯ್ಯುತ್ತವೆ.

ಮನೆಯ ಪಂಚಾಂಗ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಗೋವಾ ಕರಾವಳಿಯಲ್ಲಿ ಹಗಲಿನ ಉಬ್ಬರ ಮಧ್ಯಾಹ್ನದ ಹತ್ತಿರ ಬರುತ್ತದೆ. ಅದಕ್ಕೆ ಎರಡು ಮೂರು ದಿನ ಮೊದಲು, ಅಂದರೆ ದ್ವಾದಶಿ, ತ್ರಯೋದಶಿಯ ಆಸುಪಾಸಿನಲ್ಲಿ, ಬೆಳಗಿನ 9ರಿಂದ 10ರ ಹೊತ್ತಿಗೆ. ನಿಮಗೆ ಬೇಕಾದ್ದು ಇದೇ: ನೀರು ತುಂಬಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ. ಅಷ್ಟಮಿಯ ಸುತ್ತಮುತ್ತ ಹೋದರೆ ಬೆಳಗಿಡೀ ನೀರು ಇಳಿಯುತ್ತಲೇ ಇರುತ್ತದೆ. ಆ ದಿನಗಳು ಬೇಡ. ತಿಥಿಯಿಂದ ದಿನ ಆರಿಸಿ, ಆಮೇಲೆ ಮುರಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿಯಲ್ಲಿ ಸರಿಯಾದ ಸಮಯ ನೋಡಿಕೊಳ್ಳಿ. ಚೋಡಣ ನದಿಯ ಒಳಗಿರುವುದರಿಂದ ಅಲ್ಲಿ ಸ್ವಲ್ಪ ತಡ.

ಉಬ್ಬರಕ್ಕೆ ಒಂದೂವರೆ ಗಂಟೆ ಮೊದಲು ನೀರಿಗೆ ಇಳಿಯಿರಿ. ಏರುವ ನೀರು ನಿಮ್ಮನ್ನು ಒಳಕ್ಕೆ ಒಯ್ಯುತ್ತದೆ, ತಿರುಗಿದ ನೀರು ಹೊರಕ್ಕೆ ತರುತ್ತದೆ. ಹೊಸಬರು ಗಂಟೆಗೆ 3-4 ಕಿಲೋಮೀಟರ್ ದಾಟುವುದಿಲ್ಲ, ಆದ್ದರಿಂದ ನಿಂತು ನೋಡುವುದೂ ಸೇರಿ ಎರಡು ಗಂಟೆಗೆ 4-5 ಕಿಲೋಮೀಟರ್ ಸಾಕು. ಉಬ್ಬರ 9.30ಕ್ಕೆ ಇದ್ದರೆ ವಾಸ್ಕೋದಿಂದ 6.15ಕ್ಕೆ ಹೊರಟು, ಪಣಜಿ ದಾಟಿ, ರಾಯಬಂದರಿನ ಫೆರಿ ಕಟ್ಟೆಗೆ 7.15ರೊಳಗೆ ಬನ್ನಿ. ಅಲ್ಲಿಂದ ಕಾರಿನ ಸಮೇತ ಫೆರಿಯಲ್ಲಿ ಚೋಡಣಕ್ಕೆ. ನೀರು ತಗ್ಗಿದ್ದಾಗ ಕಟ್ಟೆಯ ಇಳಿಜಾರು ಕಡಿದಾಗಿರುತ್ತದೆ. ತಗ್ಗಿನ ಕಾರಿನ ಮುಂದಿನ ಬಂಪರ್ ಉಜ್ಜುತ್ತದೆ, ನಿಧಾನವಾಗಿ ಓರೆಯಾಗಿ ಹತ್ತಿಸಿ.

ದಡಕ್ಕೆ ಬಂದ ಮೇಲೆ ಸಲೀಂ ಅಲಿ ಪಕ್ಷಿಧಾಮವನ್ನು ಕಾಲ್ನಡಿಗೆಯಲ್ಲಿ ನೋಡಿ. ಬಾಗಿಲು ಚೋಡಣದ ಫೆರಿ ಕಟ್ಟೆಯ ಪಕ್ಕದಲ್ಲೇ ಇದೆ. ಈ ಕ್ರಮಕ್ಕೆ ಕಾರಣವಿದೆ. ನೀರು ಇಳಿಯತೊಡಗಿದಾಗಲೇ ಕೆಸರು ತೆರೆದುಕೊಂಡು ಏಡಿಗಳೂ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನುಗಳೂ ಹೊರಬರುವುದು, ಅವುಗಳ ಹಿಂದೆ ಬೆಳ್ಳಕ್ಕಿ, ಮಿಂಚುಳ್ಳಿಗಳು ಬರುವುದು. ಪಕ್ಷಿಧಾಮದ ಗಡಿಯೊಳಗೆ ದೋಣಿ ಒಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಿಲ್ಲದೆ ಕಯಾಕ್ ನುಗ್ಗಿಸಬೇಡಿ.

ಅಲ್ಲಿಂದ ಸೇತುವೆ ದಾಟಿ ಮಯೆ ಊರಿನ ಕಡೆಗೆ, ಮುಂದೆ ನಾರ್ವೆ ಹಳ್ಳಿಯ ಸಪ್ತಕೋಟೀಶ್ವರ ದೇಗುಲಕ್ಕೆ. ಕನ್ನಡಿಗರು ಇದನ್ನು ತಪ್ಪಿಸಬಾರದು. ಈತ ಗೋವೆಯ ಕದಂಬರ ಮನೆದೇವರು. ಸಪ್ತಕೋಟೀಶ್ವರನ ವರಪ್ರಸಾದ ಪಡೆದವರೆಂಬ ಬಿರುದನ್ನು ಅವರು ನಾಣ್ಯಗಳ ಮೇಲೂ ಹಾಕಿಸಿದ್ದರು. ಮೂಲ ಗುಡಿ ಎದುರಿನ ದಿವಾಡಿ ದ್ವೀಪದಲ್ಲಿತ್ತು. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ಲಿಂಗ ಹೊಳೆ ದಾಟಿ ಇಲ್ಲಿಗೆ ಬಂತು, 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ನಾರ್ವೆಯಿಂದ ಫೆರಿಯಲ್ಲಿ ದಿವಾಡಿಗೆ ಹೋದರೆ ಅದೇ ಹೊಳೆಯನ್ನು ನೀವು ಹಿಮ್ಮುಖವಾಗಿ ದಾಟುತ್ತೀರಿ. ದಿವಾಡಿಯಿಂದ ಇನ್ನೊಂದು ಫೆರಿ ಹಳೆ ಗೋವಾಕ್ಕೆ. ಅಲ್ಲಿ 1605ರ ಬೋಮ್ ಜೀಸಸ್ ಬೆಸಿಲಿಕಾ ಒಂದನ್ನಾದರೂ ಸಮಾಧಾನವಾಗಿ ನೋಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು.

ಮಧ್ಯಾಹ್ನ 1ರಿಂದ 4ರವರೆಗೆ ಹಳ್ಳಿಗಳ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತಲಾ ಒಂದೂವರೆ ಲೀಟರ್ ನೀರು ಜೊತೆಗಿರಲಿ.

ಪ್ರಶ್ನೆ: ಹಿಂದೊಮ್ಮೆ ಇಬ್ಬರು ಕೂರುವ ಕಯಾಕ್ ನಡೆಸಿದೆವು. ಎಷ್ಟು ಹುಟ್ಟು ಹಾಕಿದರೂ ಒಂದೇ ಕಡೆ ತಿರುಗುತ್ತಿತ್ತು, ಹುಟ್ಟುಗಳು ಒಂದಕ್ಕೊಂದು ಬಡಿಯುತ್ತಿದ್ದವು, ಮರುದಿನ ಭುಜ ಎತ್ತಲಾಗಲಿಲ್ಲ. ಏನು ತಪ್ಪು? (ಮಡಗಾಂವ್)

ಉತ್ತರ: ಮೊದಲು ಕೂರುವ ಜಾಗ. ಭಾರ ಇರುವವರು ಹಿಂದೆ. ಮುಂದೆ ಭಾರವಾದರೆ ಮೂತಿ ನೀರಿನಲ್ಲಿ ಕಚ್ಚಿಕೊಂಡು ಹಿಂಭಾಗ ಜಾರುತ್ತದೆ, ದೋಣಿ ತಿರುಗುತ್ತದೆ. ಲಯ ಹಿಡಿಯುವವರು ಮುಂದಿನವರು. ಹಿಂದಿನವರು ಅವರ ಹುಟ್ಟನ್ನೇ ನೋಡುತ್ತಾ ಅದೇ ಹೊತ್ತಿಗೆ ಅದೇ ಬದಿಗೆ ಹಾಕಿದರೆ ಬಡಿಯುವುದು ನಿಲ್ಲುತ್ತದೆ. ದಿಕ್ಕು ತಿದ್ದುವುದು ಹಿಂದಿನವರ ಕೆಲಸ: ಎಡಕ್ಕೆ ತಿರುಗಬೇಕಾದರೆ ಬಲಗಡೆ ಅಗಲವಾಗಿ ಬೀಸಿ ಎಳೆಯಬೇಕು.

ಹಿಡಿತದ ಅಳತೆಗಾಗಿ ಒಮ್ಮೆ ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿಯಿರಿ, ಮೊಣಕೈಗಳು ಲಂಬಕೋನದಲ್ಲಿರಲಿ. ಕೈಗಳ ನಡುವೆ ಅಷ್ಟೇ ಅಂತರ ಬೇಕು. ಅಲಗನ್ನು ಪಾದದ ಹತ್ತಿರ ಪೂರ್ತಿ ಮುಳುಗಿಸಿ, ಸೊಂಟದ ಹತ್ತಿರ ಮೇಲೆತ್ತಿ. ಸೊಂಟ ದಾಟಿ ಹಿಂದಕ್ಕೆ ಎಳೆದಷ್ಟೂ ದೋಣಿ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಎಳೆಯಬೇಕಾದ್ದು ತೋಳಲ್ಲ, ಬೆನ್ನು: ಬಲಗಡೆ ಹಾಕುವಾಗ ಬಲ ಭುಜ ಮುಂದೆ ಚಾಚಿ, ನಡು ತಿರುಗಿಸಿ ಎಳೆಯಿರಿ. ಮುಷ್ಟಿ ಸಡಿಲವಿರಲಿ. ಕ್ಯಾನೂ ಸಿಕ್ಕರೆ ಅದಕ್ಕೆ ಒಂದೇ ಅಲಗಿನ ಹುಟ್ಟು. ಇಬ್ಬರೂ ಎದುರುಬದುರು ಬದಿಗಳಲ್ಲಿ ಹಾಕಬೇಕು.

ಕೂರುವ ತಳದ ತೂತುಗಳಿಂದ ಸ್ವಲ್ಪ ನೀರು ಬಂದರೆ ಗಾಬರಿ ಬೇಡ, ಮೇಲೆ ಬಿದ್ದ ನೀರು ಹರಿದುಹೋಗಲೆಂದೇ ಅವು ಇರುವುದು.

ಹರಿವು ನಿಮ್ಮನ್ನು ಕೊಂಬೆಗೆ ಒತ್ತಿದರೆ ಎಲ್ಲರೂ ಮಾಡುವ ತಪ್ಪು ಒಂದೇ: ಕೊಂಬೆಯಿಂದ ದೂರ ವಾಲುವುದು. ಆಗ ಹರಿವು ಬರುವ ಕಡೆಯ ಅಂಚು ತಗ್ಗುತ್ತದೆ, ನೀರು ಅದರ ಮೇಲೆ ಹತ್ತಿ ದೋಣಿಯನ್ನು ಮಗುಚುತ್ತದೆ. ಕೊಂಬೆಯ ಕಡೆಗೇ ವಾಲಿ, ಅದನ್ನು ತಳ್ಳಿ ಬಿಡಿಸಿಕೊಳ್ಳಿ. ದೊಡ್ಡ ದೋಣಿ ಹೋದ ಮೇಲೆ ಬರುವ ಅಲೆಗೆ ಮೂತಿ ತಿರುಗಿಸಿ, ಅಡ್ಡ ನಿಲ್ಲಬೇಡಿ. ಫೆರಿಯ ದಾರಿಗೆ ಹೋಗಲೇಬೇಡಿ.

ಪ್ರಶ್ನೆ: ದಡದಲ್ಲಿ ಗದ್ದೆಗೆ ಮರದ ಬಾಗಿಲು ಇರುವ ಒಡ್ಡುಗಳು ಕಾಣುತ್ತವೆ. ಏನವು? ಹತ್ತಿರ ಹೋಗಬಹುದೇ? (ಫೋಂಡಾ)

ಉತ್ತರ: ಖಾಜನ್ ಗದ್ದೆಯ, ಅಂದರೆ ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ನದಿದಂಡೆಯ ತಗ್ಗು ಗದ್ದೆಯ, ತೂಬು ಅದು, ಇಲ್ಲಿಯವರು ಮಾನಸ್ ಎನ್ನುತ್ತಾರೆ. ಅಘನಾಶಿನಿ ದಂಡೆಯ ಗಜನಿ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ: ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್, ಎರಡೂ ಉಪ್ಪು ತಡೆಯುವ ತಳಿಗಳು. ಉಬ್ಬರ ಒತ್ತಿದಾಗ ಬಾಗಿಲು ತಾನೇ ಮುಚ್ಚುತ್ತದೆ, ಇಳಿತದಲ್ಲಿ ತೆರೆದು ಒಳಗಿನ ನೀರು ರಭಸದಿಂದ ಹೊರಬೀಳುತ್ತದೆ. ಆಗ ಬಾಯಿಗೆ ಮೀನಿನ ಬಲೆಯೂ ಕಟ್ಟಿರುತ್ತಾರೆ. 20 ಮೀಟರ್ ದೂರದಿಂದ ನೋಡಿ.

ಪ್ರಶ್ನೆ: ಕುಂಭಾರಜುವೆ ಕಾಲುವೆಯಲ್ಲೂ ಕಯಾಕ್ ನಡೆಸಬಹುದೇ? ಈಜು ಬಾರದವರು ಬರಬಹುದೇ? (ಪುಣೆ)

ಉತ್ತರ: ಕಾಲುವೆ ಬೇಡ. ಮಾಂಡವಿ, ಜುವಾರಿಗಳನ್ನು ಜೋಡಿಸುವ ಆ ನೀರಿನಲ್ಲಿ ಮೊಸಳೆಗಳಿವೆ. ನೋಡಬೇಕಾದರೆ ಮೋಟಾರು ದೋಣಿಯಲ್ಲಿ ಹೋಗಿ.

ಈಜು ಬಾರದವರು ಅನುಭವಿ ಮಾರ್ಗದರ್ಶಿಯ ದೋಣಿಯಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು ಬರಬಹುದು. ಜಾಕೆಟ್‌ನ ಬಕಲ್‌ಗಳನ್ನೆಲ್ಲ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯ ತನಕ ಬಂದರೆ ಅಳತೆ ದೊಡ್ಡದು, ಬೇರೆ ಕೇಳಿ. ಮಗುಚಿದರೆ ಮೊದಲು ದೋಣಿ ಹಿಡಿದುಕೊಳ್ಳಬೇಕು, ಹುಟ್ಟು ಆಮೇಲೆ. ನಡುವಿಗೆ ಬಂದು, ಕಾಲು ಬಡಿಯುತ್ತಾ ಹೊಟ್ಟೆಯನ್ನು ದೋಣಿಯ ಮೇಲೆ ಎಳೆದುಕೊಂಡು, ಹೊರಳಿ ಕೂತು, ಕಡೆಗೆ ಕಾಲು ಒಳಗೆ ತನ್ನಿ. ಜೀನ್ಸ್, ಹವಾಯಿ ಚಪ್ಪಲಿ ಬೇಡ. ಒದ್ದೆ ಜೀನ್ಸ್ ಭಾರ, ಚಪ್ಪಲಿ ಕೆಸರಿನ ಪಾಲು. ಹಿಂಪಟ್ಟಿಯ ಸ್ಯಾಂಡಲ್ ಸಾಕು. ಮೊಬೈಲ್ ಇಡುವ, ನೀರು ಒಳಹೋಗದ ಚೀಲಕ್ಕೆ ಹಿಂದಿನ ರಾತ್ರಿಯೇ ಒಳಗೆ ಒಣ ಟಿಶ್ಯೂ ಹಾಕಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಪರೀಕ್ಷಿಸಿ.